ಅಮೃತಬಳ್ಳಿ ಹಾಕಿದ ಕಾಲು ಸೂಪು

ಸಂಜೀವಯ್ಯನಿಗೆ ನೋವು ಮೈಯಲ್ಲಿ ಬೇರೆ ಎಲ್ಲಿ ಬಂದಿದ್ದರೂ ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಿದ್ದ. ಬಂದದ್ದು ಬಲಗಾಲಿನ ಹೆಬ್ಬೆರಳಿಗೆ. ಸಿಟಿ ಬಸ್ ಓಡಿಸುವವನಿಗೆ ಬಲಗಾಲು ಅಂದರೆ ಏನು ಅಂತ ಬಿಡಿಸಿ ಹೇಳಬೇಕೇ? ಆಕ್ಸಿಲರೇಟರೂ ಅದೇ, ಬ್ರೇಕೂ ಅದೇ. ಬನಶಂಕರಿ ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಆ ಕಾಲು ಇನ್ನೂರು ಸಲ ಒತ್ತಬೇಕು, ಇನ್ನೂರು ಸಲ ಎತ್ತಬೇಕು. ಹದಿನೆಂಟು ವರ್ಷ ಆ ಕೆಲಸವನ್ನ ಅದು ಒಂದು ಮಾತೂ ಆಡದೆ ಮಾಡಿತ್ತು. ಹದಿನೆಂಟು ವರ್ಷದಲ್ಲಿ ಸಂಜೀವಯ್ಯ ಯಾರಿಗೂ ಗುದ್ದಿದವನಲ್ಲ, ಒಂದು ಸೈಕಲ್ಲಿಗೂ ಗೀರು ಬೀಳಿಸಿದವನಲ್ಲ.

ಶುರುವಾದದ್ದು ತೊಂಬತ್ತೆಂಟನೇ ಇಸವಿಯಲ್ಲಿ, ಹೊಸತೊಡಕಿನ ಮಾರನೇ ದಿನ. ಯುಗಾದಿಗೆ ಹೋಳಿಗೆ ಆಯ್ತು, ಮರುದಿನ ಹೊಸತೊಡಕು ಅಂತ ಬೆಂಗಳೂರಿನ ಸಿದ್ದಾಪುರದ ಅವನ ಗಲ್ಲಿಯಲ್ಲಿ ಮನೆಮನೆಯಲ್ಲೂ ಮಟನ್ ಬೆಂದಿತು. ಇವನೂ ಹೊಟ್ಟೆ ಬಿರಿಯ ತಿಂದು ಮಲಗಿದ. ಬೆಳಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಜೀವ ಬಾಯಿಗೆ ಬಂತು. ಹೆಬ್ಬೆರಳ ಬುಡ ಹಣ್ಣು ಟೊಮೇಟೊ ಥರ ಕೆಂಪಗೆ ಊದಿಕೊಂಡಿತ್ತು. ಹೊದಿಕೆಯ ಅಂಚು ತಾಗಿದರೂ ಕಣ್ಣಲ್ಲಿ ನೀರು. ಹೆಂಡತಿ ವನಿತಾಗೆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಓಡುವ ಗಡಿಬಿಡಿ. ರಾತ್ರಿ ಏನೋ ಹುಳ ಕಚ್ಚಿರಬೇಕು ಅಂದು ಅರಿಶಿನ ಮೆತ್ತಿ ಹೋದಳು.

ಹುಳ ಕಚ್ಚಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾಕೆಂದರೆ ಮೇ ಇಪ್ಪತ್ತಕ್ಕೆ ಡಿಪೋದಲ್ಲಿ ಮೆಡಿಕಲ್ ಇತ್ತು. ನಲವತ್ತೈದು ದಾಟಿದ ಡ್ರೈವರುಗಳನ್ನೆಲ್ಲ ನಿಲ್ಲಿಸಿ ಕಣ್ಣು, ಕಿವಿ, ಕೈಕಾಲು ನೋಡುತ್ತಾರೆ. ಫೇಲಾದವನ ಗತಿ ಏನು ಅನ್ನುವುದಕ್ಕೆ ಡಿಪೋ ಗೇಟಿನಲ್ಲೇ ಸಾಕ್ಷಿ ಕೂತಿತ್ತು. ಅದು ಯಲ್ಲಯ್ಯ. ಇಪ್ಪತ್ತೆರಡು ವರ್ಷ ಬಸ್ ಓಡಿಸಿದವನು, ಮಂಡಿ ಕೆಟ್ಟಿತು ಅಂತ ಸ್ಟೂಲಿನ ಮೇಲೆ ಕೂರಿಸಿ ಕೈಗೆ ಒಂದು ಪುಸ್ತಕ ಕೊಟ್ಟಿದ್ದರು. ಹೋಗುವ ಬಸ್ಸಿನ ನಂಬರು, ಬರುವ ಬಸ್ಸಿನ ನಂಬರು ಬರೆಯುತ್ತಾ ಕೂರಬೇಕು. ಯಾವುದಾದರೂ ಬಸ್ಸು ಜೋರಾಗಿ ಗೇಟಿಗೆ ನುಗ್ಗಿ ಬಂದರೆ ಯಲ್ಲಯ್ಯನ ಬಲಗಾಲು ಕೂತಲ್ಲೇ ನೆಲಕ್ಕೆ ಒತ್ತುತ್ತಿತ್ತು. ಬ್ರೇಕ್ ಹಾಕುತ್ತಿದ್ದ, ಪಾಪ. ಅದನ್ನು ನೋಡಿದಾಗಲೆಲ್ಲ ಸಂಜೀವಯ್ಯ ಬೇರೆ ಕಡೆ ಮುಖ ತಿರುಗಿಸಿಕೊಂಡು ಗೇಟು ದಾಟುತ್ತಿದ್ದ.

ಮೂರು ದಿನ ರಜ ಹಾಕಿ, ಕುಂಟುತ್ತಾ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದ. ಬೆಂಚಿನ ಮೇಲೆ ಕೂತಿದ್ದಾಗ ಕಂಪೌಂಡರು ಚೀಟಿ ಬರೆಯಲು ಹೆಸರು ಕೇಳಿದ, ವಯಸ್ಸು ಕೇಳಿದ, ಕೆಲಸ ಏನು ಅಂತ ಕೇಳಿದ. ಆಮೇಲೆ ನಗುನಗುತ್ತಾ, ನಿಮ್ಮ ಡಿಪೋದವರು ತುಂಬಾ ಜನ ಇಲ್ಲಿಗೇ ಬರ್ತಾರೆ ಅಂದ. ಅಷ್ಟೇ ಸಾಕಾಯ್ತು. ಬಾಯಿಂದ ಬಾಯಿಗೆ ಹೋಗಿ ನಾಳೆ ಮ್ಯಾನೇಜರ ಟೇಬಲ್ಲಿಗೆ ಬಂದರೆ? ಈಗ ಬಂದೆ ಅಂತ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇಂಥ ಬುದ್ಧಿವಂತರಿಗೆ ಏನು ಹೇಳೋಣ?

ಮದ್ದು ಸಿಕ್ಕಿದ್ದು ಅಕ್ಕನ ಹತ್ತಿರ. ಕೆಂಪಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವಳು. ತಾಯಿ ಹೋದಾಗ ಐದು ವರ್ಷದ ಸಂಜೀವನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ಸತ್ತ ಮೇಲೆ ಪಕ್ಕದ ಗಲ್ಲಿಯ ಒಂದು ರೂಮಿನಲ್ಲಿ ಒಬ್ಬಳೇ ಇದ್ದುಕೊಂಡು, ಅಶೋಕ ಪಿಲ್ಲರ್ ಹತ್ತಿರದ ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ, ಕುಂಡ ತುಂಬುವ ಕೆಲಸ ಮಾಡುತ್ತಿದ್ದಳು. ಗಿಡ ಅಂದರೆ ಅವಳಿಗೆ ಪ್ರಾಣ. ಅವರಪ್ಪ ಬೇರು ನಾರು ಬಲ್ಲ ಮನುಷ್ಯ, ಅವನಿಂದ ಕಲಿತದ್ದು. ಅವಳು ತಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಊದಿದ ಜಾಗವನ್ನು ಮುಟ್ಟದೆ ಸುತ್ತಲೂ ಬೆರಳಾಡಿಸಿ, ಇದು ವಾತ, ರಕ್ತಕ್ಕೆ ಇಳಿದಿದೆ ಅಂದಳು. ಅಮೃತಬಳ್ಳಿ ಕಷಾಯ ಒಂದು ಮಂಡಲ ಕುಡಿದರೆ ಹೋಗುತ್ತದೆ. ಮಂಡಲ ಅಂದರೆ ನಲವತ್ತೆಂಟು ದಿನ. ಏಪ್ರಿಲ್ ಒಂದಕ್ಕೆ ಶುರು ಮಾಡಿದರೆ ಮೇ ಹದಿನೆಂಟಕ್ಕೆ ಮುಗಿಯುತ್ತದೆ. ಮೆಡಿಕಲ್ ಇಪ್ಪತ್ತಕ್ಕೆ. ಸಂಜೀವಯ್ಯ ಬೆರಳು ಮಡಿಸಿ ಎಣಿಸಿದ, ಇನ್ನೊಂದು ಸಲ ಎಣಿಸಿದ, ಅಕ್ಕನ ಕೈ ಹಿಡಿದುಕೊಂಡ.

ನರ್ಸರಿಯ ಮೂಲೆಯಲ್ಲಿ ಒಂದು ಬೇವಿನ ಮರ, ಅದರ ತುಂಬ ಹಬ್ಬಿದ ಅಮೃತಬಳ್ಳಿ. ಬೇವಿಗೆ ಹಬ್ಬಿದ ಬಳ್ಳಿಗೇ ಗುಣ ಜಾಸ್ತಿ ಅಂತ ಅಪ್ಪ ಹೇಳುತ್ತಿದ್ದನಂತೆ. ಹೆಬ್ಬೆರಳು ದಪ್ಪದ ಕಾಂಡ ಕತ್ತರಿಸಿ, ಜಜ್ಜಿ, ನೀರಲ್ಲಿ ನೆನೆಹಾಕಿ, ಕಾಲುಭಾಗಕ್ಕೆ ಇಳಿಯುವವರೆಗೆ ಕುದಿಸಿ ಕೊಟ್ಟಳು. ಸಂಜೀವಯ್ಯ ಒಂದು ಗುಟುಕು ನುಂಗಿದ, ಎರಡನೆಯದು ಗಂಟಲಲ್ಲಿ ನಿಂತಿತು, ಮೂರನೆಯದಕ್ಕೆ ಬಚ್ಚಲಿಗೆ ಓಡಿದ. ಎರಡು ದಿನ ಇದೇ ರಾಮಾಯಣ. ಕುಡಿದದ್ದೆಲ್ಲ ಹೊರಗೆ. ದಿನ ಮಾತ್ರ ಓಡುತ್ತಿದೆ.

ಆಗ ಕೆಂಪಕ್ಕನಿಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ಕಾಲು ನೋವು ಅಂದರೆ ಮೊದಲು ಏನು ಮಾಡುತ್ತಾರೆ? ಕಾಲು ಸೂಪು. ಮೂಳೆ ಮುರಿದರೂ ಅದೇ, ಬಾಣಂತಿಗೂ ಅದೇ, ಕಾಲಿಗೆ ಕಾಲೇ ಬಲ ಅಂತ ನಂಬಿಕೆ. ಮೇಕೆ ಕಾಲು ಸುಡಿಸಿಕೊಂಡು ತಂದು, ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಹಾಕಿ, ಅದರ ಜೊತೆಗೇ ಅಮೃತಬಳ್ಳಿಯ ತುಂಡುಗಳನ್ನೂ ಸೇರಿಸಿ ಕುಕ್ಕರಿನಲ್ಲಿ ಕೂಗಿಸಿದಳು. ಕಹಿ ಮೆಣಸಿನ ಖಾರದಲ್ಲಿ ಅಡಗಿಹೋಯಿತು. ಅಪ್ಪ ಮಾತ್ರ ಈ ಮದ್ದಿಗೆ ಪಥ್ಯ ಹೇಳುತ್ತಿದ್ದ. ಮಾಂಸ ಕೂಡದು, ಹುರುಳಿ ಕೂಡದು, ಬದನೆಕಾಯಿ ಕೂಡದು. ಕೆಂಪಕ್ಕನಿಗೆ ಅದು ನೆನಪಿರಲಿಲ್ಲ ಅಂತಲ್ಲ. ಪಥ್ಯ ಮಾಡಿಕೊಂಡು ಕೂತರೆ ಅಷ್ಟು ದೊಡ್ಡ ಬಸ್ಸಿನ ಸ್ಟೀರಿಂಗ್ ತಿರುಗಿಸಲು ರಟ್ಟೆಗೆ ಶಕ್ತಿ ಎಲ್ಲಿಂದ ಬರಬೇಕು ಅಂತ ಅವಳೇ ಅಪ್ಪನ ಮಾತನ್ನು ಪಕ್ಕಕ್ಕೆ ಸರಿಸಿದಳು. ಸಂಜೀವಯ್ಯ ಸೂಪು ಕುಡಿದು ತುಟಿ ಸವರಿಕೊಂಡ. ಇದಾದರೆ ನಲವತ್ತೆಂಟಲ್ಲ, ನೂರು ದಿನ ಕುಡೀತೀನಿ ಅಂದ.

ಅವನದು ಬೆಳಗಿನ ಶಿಫ್ಟು, ಐದಕ್ಕೆಲ್ಲ ಮನೆ ಬಿಡಬೇಕು. ಮಾಂಸದ ಅಂಗಡಿ ತೆಗೆಯುವುದೇ ಆರಕ್ಕೆ. ಅದಕ್ಕೆ ಕೆಂಪಕ್ಕ ಸೂಪನ್ನು ಫ್ಲಾಸ್ಕಿಗೆ ತುಂಬಿಕೊಂಡು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿದ್ದಳು. ಎಂಟೂವರೆಗೆ ತಮ್ಮನ ಬಸ್ಸು. ಬಸ್ಸು ಎಡಕ್ಕೆ ನಿಲ್ಲುತ್ತೆ, ಡ್ರೈವರ ಕಿಟಕಿ ಬಲಕ್ಕೆ. ಹಾಗಾಗಿ ಬಸ್ಸಿನ ಮುಂದಿನಿಂದಲೇ ಹಾದು ಆ ಕಡೆ ಹೋಗಿ, ಕಿಟಕಿಯೊಳಗೆ ಫ್ಲಾಸ್ಕು ಕೊಡುತ್ತಿದ್ದಳು. ಅಲ್ಲಿದ್ದ ದೀಪದ ಕಂಬಕ್ಕೆ ಸರಿಯಾಗಿ, ಗೆರೆ ಎಳೆದ ಹಾಗೆ ಬಸ್ ನಿಲ್ಲಿಸುವುದು ಸಂಜೀವಯ್ಯನ ಪದ್ಧತಿ. ಅದು ಗೊತ್ತಿದ್ದ ಕೆಂಪಕ್ಕ ಬಸ್ಸು ಪೂರ್ತಿ ನಿಲ್ಲುವವರೆಗೂ ಕಾಯುತ್ತಿರಲಿಲ್ಲ. ಇನ್ನೂ ಉರುಳುತ್ತಿರುವಾಗಲೇ ರಸ್ತೆಗೆ ಇಳಿದುಬಿಡುತ್ತಿದ್ದಳು. ನನ್ನ ತಮ್ಮನ ಬ್ರೇಕು ಅಂತ ಅಷ್ಟು ನಂಬಿಕೆ.

ವಾರದೊಳಗೆ ಊತ ಇಳಿಯಿತು, ನೋವು ಮಾಯ. ಅಕ್ಕ ತಮ್ಮ ಇಬ್ಬರೂ ಬಳ್ಳಿಗೆ ಕೈಮುಗಿದರು. ಈ ಕಾಯಿಲೆಯ ಕಪಟವೇ ಅದು. ಮದ್ದು ಮಾಡಿದರೂ ವಾರಕ್ಕೆ ಇಳಿಯುತ್ತೆ, ಮಾಡದಿದ್ದರೂ ಇಳಿಯುತ್ತೆ, ಆಮೇಲೆ ಬಾಗಿಲ ಸಂದಿಯಲ್ಲಿ ನಿಂತು ಕಾಯುತ್ತೆ. ಅವರಿಗದು ಹೇಗೆ ಗೊತ್ತಾಗಬೇಕು?

ಇಪ್ಪತ್ತಮೂರನೇ ದಿನ ಅದು ವಾಪಸ್ಸು ಬಂತು. ಈ ಸಲ ಹೆಬ್ಬೆರಳ ಜೊತೆ ಪಾದದ ಗಂಟೂ ಹಿಡಿಯಿತು. ಸಂಜೀವಯ್ಯ ರಜ ಹಾಕಲಿಲ್ಲ. ಮೆಡಿಕಲ್ ಮುಂಚೆ ಮತ್ತೆ ಮತ್ತೆ ರಜ ಹಾಕಿದರೆ ಅನುಮಾನ ಬರುತ್ತೆ. ಚಪ್ಪಲಿಯ ಉಂಗುಷ್ಟ ಕತ್ತರಿಸಿದ, ಹೆಬ್ಬೆರಳಿಗೆ ಏನೂ ತಾಗದ ಹಾಗೆ. ಮುಂಗಾಲು ಬಿಟ್ಟು ಹಿಮ್ಮಡಿಯಿಂದ ಬ್ರೇಕ್ ಒತ್ತುವುದನ್ನು ಕಲಿತ. ತೊಡೆಯಿಂದ ಇಡೀ ಕಾಲನ್ನು ಮೇಲಕ್ಕೆತ್ತಿ ಪೆಡಲಿನ ಮೇಲೆ ಇಳಿಸಬೇಕು. ಕಣ್ಣು ಮಿಟುಕಿಸುವಷ್ಟು ತಡ. ಬಸ್ಸಿಗೆ ಅಷ್ಟು ತಡವೇ ಎರಡು ಮಾರು. ಅವನಿಗೆ ಅದು ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಪ್ರತಿ ಸ್ಟಾಪಿಗೂ ಮೈ ಬೆವರುತ್ತಿತ್ತು. ಮಕ್ಕಳು ಮರಿ ಹತ್ತಿದರೆ ಸ್ಟಾಪು ಇನ್ನೂ ದೂರ ಇರುವಾಗಲೇ ಕಾಲು ಎತ್ತಿಕೊಳ್ಳುತ್ತಿದ್ದ.

ಕೆಂಪಕ್ಕ ಸೂಪನ್ನು ದಿನ ಬಿಟ್ಟು ದಿನ ಇದ್ದದ್ದು ದಿನಾ ಮಾಡಿದಳು, ಬಳ್ಳಿಯನ್ನೂ ಎರಡರಷ್ಟು ಹಾಕಿದಳು. ಊತ ಇಳಿಯಲಿಲ್ಲ. ರೋಗ ಹೊರಗೆ ಬರೋ ಮುಂಚೆ ಹೀಗೆ ಕೆರಳುತ್ತೆ ಅಂತ ತಮ್ಮನಿಗೆ ಧೈರ್ಯ ಹೇಳಿದಳು. ಅವನು ನಂಬಿದ. ನಂಬದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಮೇ ಮೊದಲ ವಾರ ಸೌತ್ ಎಂಡ್ ಸರ್ಕಲ್ಲಿನಲ್ಲಿ ಒಂದು ಸ್ಕೂಟರಿನ ಹಿಂದೆ ಬಸ್ಸು ಗೇಣುದ್ದ ಅಂತರದಲ್ಲಿ ನಿಂತಿತು. ಕಂಡಕ್ಟರ್ ಹನಮಂತ ಬಾಗಲಕೋಟೆ ಕಡೆಯ ಹುಡುಗ, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದವನು. ಟಿಕೆಟ್ ಹರಿಯುವುದನ್ನು ಬಿಟ್ಟು ಮುಂದೆ ಬಂದು, ದನಿ ತಗ್ಗಿಸಿ ಕೇಳಿದ.

"ಅಣ್ಣಾ, ಕಾಲಿಗೇನಾಗೇತ್ರಿ?"

ಕಾಲಿಗೆ ಏನೂ ಆಗಿಲ್ಲ, ಬ್ರೇಕ್ ಸಡಿಲ ಇದೆ ಅಂದ ಸಂಜೀವಯ್ಯ. ಅಂದದ್ದು ಮಾತ್ರವಲ್ಲ, ಸಂಜೆ ಡಿಪೋದ ದೂರಿನ ಪುಸ್ತಕದಲ್ಲೂ ಹಾಗೇ ಬರೆದ. ಹದಿನೆಂಟು ವರ್ಷದಲ್ಲಿ ಅವನು ಬರೆದ ಮೊದಲ ಸುಳ್ಳು. ಮೆಕ್ಯಾನಿಕ್ಕು ಬಸ್ಸಿನ ಕೆಳಗೆ ಮಲಗಿ ಅರ್ಧ ಗಂಟೆ ನೋಡಿ ಹೊರಬಂದ. ಬ್ರೇಕು ಸರಿಯಾಗಿದೆ ಅಂದ. ಹಾಗನ್ನುವಾಗ ಅವನ ಕಣ್ಣು ಸಂಜೀವಯ್ಯನ ಕತ್ತರಿಸಿದ ಚಪ್ಪಲಿಯ ಮೇಲೆ ಇತ್ತು. ಗೇಟಿನಲ್ಲಿ ಯಲ್ಲಯ್ಯನೂ ಅದನ್ನೇ ನೋಡಿದ, ನೋಡಿ ನಂಬರು ಬರೆದುಕೊಂಡ. ಮನೆಗೆ ಹೋಗಿ ಸಂಜೀವಯ್ಯ ಊಟ ಮಾಡಲಿಲ್ಲ. ನಾಚಿಕೆ ಆಗಿತ್ತು.

ನಲವತ್ತೆರಡನೇ ದಿನ, ಮೇ ಹನ್ನೆರಡು, ಮಂಗಳವಾರ. ಬೆಳಗ್ಗೆಯಿಂದಲೇ ಕಾಲು ಒಳಗೆ ಕೆಂಡ ಇಟ್ಟ ಹಾಗೆ ಸುಡುತ್ತಿತ್ತು. ಬಸ್ಸು ತುಂಬಿ ಫುಟ್‌ಬೋರ್ಡಿನ ಮೇಲೂ ಜನ. ಸ್ಟಾಪು ಕಂಡಿತು. ಕಂಬದ ಪಕ್ಕ ಕೆಂಪಕ್ಕ, ಎಡಗೈಯಲ್ಲಿ ಫ್ಲಾಸ್ಕು, ಬಲಗೈಯಲ್ಲಿ ಸೆರಗು. ಸಂಜೀವಯ್ಯ ತೊಡೆ ಎತ್ತಿ ಹಿಮ್ಮಡಿ ಇಳಿಸಿದ. ಚಪ್ಪಲಿ ಜಾರಿತು, ಹೆಬ್ಬೆರಳು ಪೆಡಲಿನ ಕಬ್ಬಿಣಕ್ಕೆ ಬಡಿಯಿತು. ನೋವಿಗೆ ಕಾಲು ತಾನಾಗಿಯೇ ಹಿಂದಕ್ಕೆ ಬಂತು.

ಬಸ್ಸು ನಿಲ್ಲಲಿಲ್ಲ. ಕೆಂಪಕ್ಕ ದಿನದ ಹಾಗೆ ರಸ್ತೆಗೆ ಇಳಿದಾಗಿತ್ತು.

ಅವಳು ತಲೆ ಎತ್ತಿ ಅವನ ಮುಖ ನೋಡಿ ನಕ್ಕಳು. ಅದೊಂದನ್ನು ಅವನು ಸಾಯುವವರೆಗೂ ಮರೆಯುವ ಹಾಗಿಲ್ಲ. ಬಸ್ಸು ನಿಂತೇ ನಿಲ್ಲುತ್ತೆ ಅಂತ ಇದ್ದ ನಗು. ಹ್ಯಾಂಡ್ ಬ್ರೇಕ್ ಎಳೆದ, ಇದ್ದ ಶಕ್ತಿಯನ್ನೆಲ್ಲ ಹಾಕಿ ಸ್ಟೀರಿಂಗ್ ಬಲಕ್ಕೆ ತಿರುಗಿಸಿದ. ಬಸ್ಸು ಡಿವೈಡರಿಗೆ ಉಜ್ಜಿಕೊಂಡು ಕಿರುಗುಟ್ಟಿ ನಿಂತಿತು. ಒಳಗೆ ಜನ ಒಬ್ಬರ ಮೇಲೊಬ್ಬರು ಬಿದ್ದರು. ಮುಂದಿನ ಮೂಲೆ ಎಡಗೈಗೆ ಹೊಡೆದು ಕೆಂಪಕ್ಕ ಫುಟ್‌ಪಾತಿನ ಕಡೆ ಉರುಳಿದಳು.

ಅವನು ಇಳಿದು ಬರುವಷ್ಟರಲ್ಲಿ ಜನ ಸೇರಿದ್ದರು. ಒಬ್ಬ ಇವನ ಕಾಲರಿಗೆ ಕೈ ಹಾಕಿದ್ದ. ಕೆಂಪಕ್ಕ ಬಿದ್ದಲ್ಲಿಂದಲೇ ಬೈದಳು. ಅವನು ನನ್ನ ತಮ್ಮ, ಬಿಡ್ರಯ್ಯ, ನಾನೇ ಎಡವಿ ಬಿದ್ದೆ ಅಂದಳು. ಫ್ಲಾಸ್ಕು ಒಡೆದು ರಸ್ತೆಯೆಲ್ಲ ಮೆಣಸಿನ ಘಮ. ಸಂಜೀವಯ್ಯ ಅವಳ ಪಕ್ಕ ಕುಸಿದು ಕೂತ. ಅವಳ ಮಣಿಕಟ್ಟು ಸೊಟ್ಟಗಾಗಿತ್ತು. ಅವಳು ಅದನ್ನು ನೋಡಲಿಲ್ಲ.

"ಸೂಪೆಲ್ಲ ಚೆಲ್ಲೋಯ್ತಲ್ಲೋ," ಅಂದಳು.

ಹನಮಂತ ಆಟೋ ಹಿಡಿದು ಜಯನಗರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಅಲ್ಲಿದ್ದವರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಕೆಂಪಕ್ಕನನ್ನು ಎಕ್ಸ್‌ರೇಗೆ ಒಳಗೆ ಕಳಿಸಿ, ತಿರುಗಿ ನೋಡಿದವರು ಇವನ ಪಾದ ನೋಡಿ ಹುಬ್ಬು ಗಂಟಿಕ್ಕಿದರು. ಎಷ್ಟು ದಿನದಿಂದ, ಏನು ಔಷಧಿ ಅಂತ ಕೇಳಿದರು. ಔಷಧಿ ಏನಿಲ್ಲ ಮೇಡಂ, ನಾಟಿ ಮದ್ದು, ಅಮೃತಬಳ್ಳಿ, ಕಾಲು ಸೂಪಿನಲ್ಲಿ ಹಾಕಿ ಕುಡಿತಾ ಇದೀನಿ ಅಂದ. ಅವರು ಪೆನ್ನು ಕೆಳಗಿಟ್ಟರು. ಇದು ಗೌಟು ಅನ್ನೋ ಕಾಯಿಲೆ, ರಕ್ತದಲ್ಲಿ ಒಂದು ಥರ ಉಪ್ಪು ಜಾಸ್ತಿಯಾಗಿ ಕೀಲಲ್ಲಿ ಗಾಜಿನ ಪುಡಿ ಥರ ಕೂರುತ್ತೆ ಅಂತ ಬಿಡಿಸಿ ಹೇಳಿದರು. ಬಳ್ಳಿ ಒಳ್ಳೆಯದು ಮಾಡಿತೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಈ ಕಾಯಿಲೆಗೆ ಮಾಂಸದ ಸೂಪು ಅಂದರೆ ಉರಿಯೋ ಒಲೆಗೆ ಸೀಮೆಎಣ್ಣೆ ಅಂದರು. ದಿನಾ ಕುಡಿದಿದ್ದೀರಾ, ಅಂತ ಇನ್ನೊಂದು ಸಲ ಕೇಳಿದರು. ಸಂಜೀವಯ್ಯ ಎಕ್ಸ್‌ರೇ ರೂಮಿನ ಬಾಗಿಲ ಕಡೆ ನೋಡಿದ.

"ಮೇಡಂ, ಇದನ್ನ ಅಕ್ಕನಿಗೆ ಹೇಳಬೇಡಿ," ಅಂದ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಕೆಂಪಕ್ಕ, ಡಾಕ್ಟರು ಏನಂದರು ಅಂತ ಕೇಳಿದಳು. ಬಳ್ಳಿ ಒಳ್ಳೆಯದಂತೆ ಅಕ್ಕ, ಆದರೆ ಈಗ ಬೇಸಿಗೆ, ಸೂಪು ಉಷ್ಣ ಆಗುತ್ತೆ, ಬರೀ ನೀರಲ್ಲೇ ಕುಡಿಯಬೇಕಂತೆ ಅಂದ. ಅವಳಿಗೆ ಸಮಾಧಾನ ಆಯ್ತು. ಎಷ್ಟು ಸಲೀಸಾಗಿ ಬಂತು ನೋಡಿ ಎರಡನೇ ಸುಳ್ಳು.

ಮೊದಲನೆಯದನ್ನು ಮಾತ್ರ ಅವನು ಆ ದಿನವೇ ತಿದ್ದಿದ. ಅಲ್ಲಿಂದ ನೇರ ಡಿಪೋಗೆ ಹೋಗಿ ಮ್ಯಾನೇಜರ ಮುಂದೆ ನಿಂತು, ಬಸ್ಸಿನ ಬ್ರೇಕು ಕೆಟ್ಟಿರಲಿಲ್ಲ ಸಾರ್, ಕೆಟ್ಟದ್ದು ನನ್ನ ಕಾಲು ಅಂದ. ಯಾರೂ ದೂರು ಕೊಟ್ಟಿರಲಿಲ್ಲ, ಗಾಯವಾದವಳು ಎಡವಿ ಬಿದ್ದೆ ಅಂದಿದ್ದಳು. ಸುಮ್ಮನಿದ್ದರೆ ದಕ್ಕುತ್ತಿತ್ತೋ ಏನೋ. ಸುಮ್ಮನಿರಲು ಆಗಲಿಲ್ಲ. ಮೆಡಿಕಲ್ಲಿಗೆ ಎಂಟು ದಿನ ಇರುವಾಗಲೇ ಅವನ ಕೈಯಿಂದ ಸ್ಟೀರಿಂಗ್ ಹೋಯಿತು. ಗೇಟಿನಲ್ಲಿ ಯಲ್ಲಯ್ಯನ ಪಕ್ಕ ಇನ್ನೊಂದು ಸ್ಟೂಲು ಬಿತ್ತು. ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ನವೆಂಬರಿನಲ್ಲಿ ಸ್ಟೀರಿಂಗ್ ವಾಪಸ್ಸು ಸಿಕ್ಕಿತು ಅಂತ ಈಗಲೇ ಹೇಳಿಬಿಡುತ್ತೇನೆ, ನೀವು ಸುಮ್ಮನೆ ಸಂಕಟಪಡಬೇಡಿ. ಆದರೆ ಸಂಕಟ ಬೇರೆ ಕಡೆಯಿಂದ ಬಂತು.

ಡಾಕ್ಟರ ಮಾತ್ರೆ, ಬಾಯಿಕಟ್ಟು, ಜೊತೆಗೆ ಅಕ್ಕನ ಕಣ್ಣೆದುರಿಗೇ ಬೆಳಗ್ಗೆ ಒಂದು ಲೋಟ ಕಹಿ ಕಷಾಯ. ಮಾತ್ರೆಯ ವಿಷಯ ಅವಳಿಗೆ ಹೇಳಲಿಲ್ಲ. ಕಾಲು ಇಳಿದಾಗ ಅವಳು ಗೆದ್ದವಳ ಹಾಗೆ ಗಲ್ಲಿಯೆಲ್ಲ ಓಡಾಡಿದಳು. ಆ ಖುಷಿ ನೋಡಲು ಅವನಿಗೆ ಹಿತವಾಗಿತ್ತು. ಜುಲೈ ತಿಂಗಳಲ್ಲಿ ಯಲ್ಲಯ್ಯ ಕೆಲಸಕ್ಕೆ ಬರಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ, ಸ್ಟೂಲು ಖಾಲಿ. ಪಾದ ಊದಿ ಎದ್ದು ನಿಲ್ಲೋಕೆ ಆಗುತ್ತಿಲ್ಲವಂತೆ ಅಂತ ಯಾರೋ ಹೇಳಿದರು. ಮಾರನೇ ದಿನ ಭಾನುವಾರ. ಸಂಜೀವಯ್ಯ ಕಷಾಯ ಕುಡಿಯಲು ಅಕ್ಕನ ರೂಮಿಗೆ ಹೋದರೆ ಕುಕ್ಕರು ಕೂಗುತ್ತಿತ್ತು. ಮೆಣಸು, ಬೆಳ್ಳುಳ್ಳಿ ಘಮ. ಕಟ್ಟೆಯ ಮೇಲೆ ಹೊಸ ಫ್ಲಾಸ್ಕು.

ಯಾರಿಗೆ ಅಂತ ಕೇಳುವಾಗಲೇ ಅವನಿಗೆ ಗೊತ್ತಾಗಿತ್ತು. ಯಲ್ಲಯ್ಯನಿಗೆ ಕಣೋ, ಅಂದಳು. ಹೋದ ತಿಂಗಳು ಗೇಟಿಗೆ ನಿನ್ನ ಊಟ ತಂದಾಗ ಪಾಪ ಅವನೂ ಹೆಬ್ಬೆರಳು ತೋರಿಸಿದ. ಈಗ ಬೇಸಿಗೆ ಹೋಯ್ತಲ್ಲ, ಸೂಪು ಉಷ್ಣ ಆಗಲ್ಲ ಅಂತ ಮಾಡಿ ಅವನ ಮನೆಗೇ ಕೊಟ್ಟು ಬರ್ತಿದ್ದೀನಿ. ಹದಿನೈದು ದಿನ ಆಯ್ತು.

"ಅಕ್ಕ, ಅದನ್ನ ಕೊಡಬೇಡ."

ಯಾಕೋ ಅಂತ ಅವಳು ತಿರುಗಿದಳು. ಸಂಜೀವಯ್ಯ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದ. ಡಾಕ್ಟರು ಅಂದದ್ದು, ಮಾತ್ರೆ ನುಂಗುತ್ತಿರುವುದು, ಸೂಪು ಏನು ಮಾಡಿತು ಅನ್ನುವುದು. ಅವಳು ಸ್ಟವ್ ಆರಿಸಿದಳು. ಪ್ಲಾಸ್ಟರ್ ಬಿಚ್ಚಿದ ಎಡಗೈ ಇನ್ನೂ ಸಣ್ಣಗೆ ಒಣಗಿದ ಹಾಗಿತ್ತು, ಅದನ್ನು ಬಲಗೈಯಲ್ಲಿ ಹಿಡಿದುಕೊಂಡಳು.

"ಅಂದ್ರೆ ನಿನ್ನ ಕಾಲಿಗೆ ಬೆಂಕಿ ಇಟ್ಟೋಳು ನಾನೇನಾ?"

ನೀನಲ್ಲ, ಕೆಲಸಕ್ಕೆ ಹೆದರಿ ಕ್ಲಿನಿಕ್ಕಿನ ಬೆಂಚಿಂದ ಎದ್ದು ಬಂದವನು ನಾನು ಅಂದ. ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಅಂದ. ಅವಳಿಗೆ ಆ ಮಾತು ಯಾವುದೂ ಬೇಕಿರಲಿಲ್ಲ.

"ಎರಡು ತಿಂಗಳಿಂದ ಗೊತ್ತಿತ್ತು ನಿನಗೆ. ನಾನು ನಿಂಗೆ ವಾಸಿಯಾಯ್ತು ಅಂತ ಅವನಿಗೆ ಹೊಯ್ದು ಕೊಡ್ತಾ ಇದ್ದೆನಲ್ಲೋ, ಸಂಜೀವಾ."

ಕಿಟಕಿಯ ಹತ್ತಿರ ಅವನಿಗೆಂದು ಆರಿಸಿಟ್ಟಿದ್ದ ಕಷಾಯದ ಲೋಟ ಇತ್ತು. ಕೆಂಪಕ್ಕ ಅದನ್ನು ಎತ್ತಿಕೊಂಡು ಗಟಗಟ ಕುಡಿದಳು. ಅಷ್ಟು ದಿನ ಕುದಿಸಿದವಳು, ಒಂದು ದಿನವೂ ಬಾಯಿಗೆ ಹಾಕಿ ನೋಡಿದವಳಲ್ಲ. ಕಹಿಗೆ ಕಣ್ಣಲ್ಲಿ ನೀರು ಬಂತು. ಅಪ್ಪ ಪಥ್ಯ ಅಂತ ಬಾಯಿಬಿಟ್ಟು ಹೇಳಿದ್ದ, ನಾನೇ ಬಿಟ್ಟೆ ಅಂದಳು. ಸೂಪನ್ನು ಮೋರಿಗೆ ಸುರಿದು, ಕುಕ್ಕರು ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು. ನಡಿ, ನಾನೇ ಹೇಳ್ತೀನಿ ಅವನಿಗೆ, ಡಾಕ್ಟರ ಹತ್ತಿರ ನೀನು ಎತ್ಕೊಂಡು ಹೋಗು ಅಂದಳು.

ಇಬ್ಬರೂ ಗಲ್ಲಿ ದಾಟಿ ಮುಖ್ಯರಸ್ತೆಗೆ ಬಂದರು. ಯಲ್ಲಯ್ಯನ ಮನೆ ಆಚೆ ಬದಿ. ಒಂದು ಬಸ್ಸು ಸ್ಟಾಪಿನ ಕಡೆ ನಿಧಾನವಾಗಿ ಬರುತ್ತಿತ್ತು, ದಾಟಬಹುದಿತ್ತು. ಬಾ ಅಕ್ಕ ಅಂತ ಸಂಜೀವಯ್ಯ ಕೈ ಚಾಚಿದ. ಕೆಂಪಕ್ಕ ಅವನ ಕೈ ಹಿಡಿಯಲಿಲ್ಲ. ಬಸ್ಸು ನಿಂತು, ಜನ ಇಳಿದು, ಕಂಡಕ್ಟರು ರೈಟ್ ಅಂದು, ಅದು ಪೂರ್ತಿ ಮುಂದೆ ಹೋಗುವವರೆಗೂ ಅವಳು ಫುಟ್‌ಪಾತಿನಿಂದ ಕಾಲು ಕೆಳಗಿಡಲಿಲ್ಲ.